ಹನ್ನೊಂದನೇ ನಂಬರಿನ ತಲೆ

ಸುಶೀಲಕ್ಕ, ನಿಮ್ಮ ಕಣ್ಣು ಕಳೆದವನು ನಾನು. ಹಣೆಬರಹವಲ್ಲ, ರಿಪ್ಪನ್‌ಪೇಟೆಯ ಜನ ಹೇಳುವಂತೆ ಹಗಲಿಡೀ ಹೊಲಿಗೆ ಮಿಷನ್ ಮುಂದೆ ಕೂತದ್ದರಿಂದಲೂ ಅಲ್ಲ. ನಿಮ್ಮ ತಲೆಯೊಳಗೆ ಗಡ್ಡೆಯಿದೆ ಎಂಬುದು ಕಣ್ಣು ಹೋಗುವುದಕ್ಕೆ ಎರಡು ವರ್ಷ ಮೊದಲೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ.

ಎಂಬತ್ತರ ದಶಕದ ಮೊದಲಲ್ಲಿ ಹೊಸನಗರದಲ್ಲಿ ನಮ್ಮದೊಂದು ಕಚೇರಿ ಇತ್ತಲ್ಲ — ಮಂಗನ ಕಾಯಿಲೆ ಬಂದು ಬದುಕುಳಿದವರ ಮಿದುಳಿಗೆ ಏನಾಗಿದೆ ಎಂದು ನೋಡುವ ಸಂಶೋಧನೆ. ಬೆಂಗಳೂರಿನ ಡಾಕ್ಟರರೂ ವಿದೇಶದ ಪ್ರೊಫೆಸರರೂ ಜೊತೆಗೂಡಿ ಮಾಡುತ್ತಿದ್ದದ್ದು. ಹೊಸದಾಗಿ ಬಂದಿದ್ದ ಸ್ಕ್ಯಾನ್ ಯಂತ್ರದಲ್ಲಿ ಬೆಂಗಳೂರಿನಲ್ಲಿ ತಲೆಯ ಚಿತ್ರ ತೆಗೆಯುತ್ತಿದ್ದರು, ಫಿಲ್ಮು ವಿಮಾನದಲ್ಲಿ ಆಚೆಗೆ ಹೋಗುತ್ತಿತ್ತು. ಜನರನ್ನು ಹುಡುಕಿ ವ್ಯಾನು ಹತ್ತಿಸುವುದು ನನ್ನ ಕೆಲಸ. ಹೋಲಿಸಿ ನೋಡಲು ಅದೇ ವಯಸ್ಸಿನ ಗಟ್ಟಿಮುಟ್ಟಾದವರೂ ಬೇಕಿತ್ತು. ಅಂಥವರಲ್ಲಿ ಹನ್ನೊಂದನೇ ನಂಬರಿಗೆ ಆನಂದಪುರದ ಯಶೋದಮ್ಮನ ಹೆಸರನ್ನು ಎರಡೂ ಕಡೆಯವರು ಒಪ್ಪಿಯಾಗಿತ್ತು. ಹೊರಡುವ ದಿನ ಅವರ ಅತ್ತೆ ಬಾಗಿಲಿಗೆ ಅಡ್ಡ ನಿಂತರು: "ಅಮಾಸೆ ದಿನ ಸೊಸೆನ ಆಸ್ಪತ್ರೆಗೆ ಕಳ್ಸೂದಿಲ್ಲ." ದಿನ ಗೊತ್ತುಮಾಡುವಾಗ ಪಂಚಾಂಗ ನೋಡಬೇಕೆಂಬುದು ಆ ಪ್ರೊಫೆಸರರಿಗೆ ತಿಳಿದಿರಲಿಲ್ಲ, ಸರಿ — ಇಲ್ಲೇ ಹುಟ್ಟಿ ಬೆಳೆದ ನನ್ನ ಬುದ್ಧಿ ಎಲ್ಲಿ ಹೋಗಿತ್ತು?

ಹೆಸರು ಬದಲಿಸಲು ಸಮುದ್ರದಾಚೆಯಿಂದ ಒಪ್ಪಿಗೆ ಬರಬೇಕು. ಖಾಲಿ ಸೀಟು ಕಂಡರೆ ನನಗೆ ಬೈಗುಳ. ನಿಮ್ಮ ಅಂಗಡಿ ಮುಂದೆ ವ್ಯಾನು ನಿಲ್ಲಿಸಿದೆ.

"ನಂಗೆ ಎಂತ ಆಗಿದೆ ಮಾರಾಯ? ಗಟ್ಟಿ ಇದೀನಲ್ಲ."

"ಗಟ್ಟಿ ಇದ್ದವರೇ ಬೇಕಕ್ಕ. ಯಾರಾದ್ರೂ ಯಶೋದಮ್ಮ ಅಂತ ಕರದ್ರೆ ಹೂಂ ಅನ್ನಿ, ಸಾಕು."

ನೀವು ನಕ್ಕು, ಅರ್ಧ ಹೊಲಿದ ರವಿಕೆಯನ್ನು ಮಡಿಸಿಟ್ಟು ಹತ್ತಿದಿರಿ. ನನ್ನನ್ನು ನಂಬಿ.

ಐದು ತಿಂಗಳಿಗೆ ಆ ಪ್ರೊಫೆಸರರಿಂದ ಪತ್ರ ಬಂತು. ಹನ್ನೊಂದನೇ ನಂಬರಿನವರ ಕಣ್ಣಿನ ನರದ ಹತ್ತಿರ ಗಡ್ಡೆ ಇದೆ, ಈಗಲೇ ಆಪರೇಷನ್ ಆದರೆ ದೃಷ್ಟಿ ಉಳಿಯುತ್ತದೆ, ತಕ್ಷಣ ಕರೆತನ್ನಿ. ಆಪರೇಷನ್ನಿಗೆ ಮನೆಯವರ ಸಹಿ ಬೇಕು; ನಿಮ್ಮನ್ನು ಕರೆದೊಯ್ದರೆ ಯಶೋದಮ್ಮ ಎಲ್ಲಿ ಎಂದು ಕೇಳುತ್ತಿದ್ದರು. ನನ್ನ ಮೋಸ ಹೊರಬೀಳುತ್ತಿತ್ತು, ಕೆಲಸ ಹೋಗುತ್ತಿತ್ತು. ನಾಲ್ಕು ದಿನ ಒದ್ದಾಡಿ ಉತ್ತರ ಬರೆದೆ — ಸದರಿಯವರು ಊರು ಬಿಟ್ಟು ಹೋಗಿದ್ದಾರೆ, ವಿಳಾಸ ತಿಳಿದಿಲ್ಲ. ನೀವು ಅರ್ಧ ದಿನದೊಳಗೆ ಹೋಗಿಬರಬಹುದಾದ ದೂರದಲ್ಲಿ ರವಿಕೆಗೆ ಗುಂಡಿ ಹಾಕುತ್ತ ಕೂತಿದ್ದಿರಿ.

ಅವರಿಂದ ಮತ್ತೆ ಒಂದು ಸಾಲೂ ಬರಲಿಲ್ಲ. ಫಿಲ್ಮು ಬೇಕಿತ್ತು, ಸಿಕ್ಕಿತು, ತಲೆ ಯಾರದಾದರೇನು? ನೆನೆದರೆ ಈಗಲೂ ಮೈ ಉರಿಯುತ್ತದೆ. ಆದರೆ ಅವರು ಒಮ್ಮೆಯಾದರೂ ಬರೆದರು — ನಾನು? ಅವರನ್ನು ಬೈದುಕೊಂಡೇ ಇಷ್ಟು ವರ್ಷ ತಪ್ಪಿಸಿಕೊಂಡೆ. ಕಳ್ಳನಿಗೊಂದು ಪಿಳ್ಳೆ ನೆವ. ಅವರು ಅಚ್ಚು ಹಾಕಿಸಿದ ಲೇಖನದ ಕೊನೆಯಲ್ಲಿ ನನ್ನ ಹೆಸರೆತ್ತಿ ಕೃತಜ್ಞತೆ ಹೇಳಿದ್ದರು. ನಾಚಿಕೆಗೆಟ್ಟವನು, ಆ ಹಾಳೆಯನ್ನು ಊರಿಗೆಲ್ಲ ತೋರಿಸಿದೆ. ನಿಮಗೂ ತೋರಿಸಿದೆ. ನೀವು ಅದನ್ನು ಮೂಗಿಗೆ ತಾಗಿಸಿ ನೋಡಿದಿರಿ.

"ಸೂಜಿಗೆ ದಾರ ಪೋಣ್ಸಕ್ಕೇ ಆಗ್ತಿಲ್ಲ ತಮ್ಮ. ಪಕ್ಕದಲ್ಲಿ ಬಂದವ್ರು ಮೈಗೆ ತಾಗಿದ್ ಮೇಲೇ ಗೊತ್ತಾಗೂದು. ಆವತ್ತು ತೆಗೆದ ತಲೆ ಫೋಟೋದಲ್ಲಿ ಎಂತಾದ್ರೂ ಇತ್ತಾ?"

"ಎಂತದೂ ಇರ್ಲಿಲ್ಲಕ್ಕ. ಒಂದು ಕನ್ನಡಕ ಹಾಕಿಸ್ಕಳಿ."

ಹೇಳುವಾಗ ನನ್ನ ಧ್ವನಿ ನಡುಗಲಿಲ್ಲ. ನನ್ನ ಮೇಲೆ ನನಗೆ ಹೇಸಿಗೆ ಹುಟ್ಟುವುದು ಅದಕ್ಕೇ. ಆಗಲಾದರೂ ಹೇಳಿದ್ದರೆ ಒಂದು ಕಣ್ಣಾದರೂ — ಬೇಡ. ಕನ್ನಡಕ ಹಾಕಿಸಿಕೊಂಡಿರಿ, ಬದಲಿಸಿದಿರಿ. ಕೊನೆಗೊಂದು ದಿನ ಅಂಗಡಿಯಲ್ಲೇ ಕುಸಿದು ಬಿದ್ದ ಮೇಲೆ ಆಪರೇಷನ್ ಆಯಿತು. ಜೀವ ಉಳಿಯಿತು, ಅಷ್ಟೆ. ಕುರುಡರ ಪಿಂಚಣಿಯ ಅರ್ಜಿ ತುಂಬಿಕೊಟ್ಟ ನನ್ನನ್ನು "ಸ್ವಂತ ತಮ್ಮ ಇದ್ದಂಗೆ" ಎಂದು ಎಲ್ಲರೆದುರು ಹೊಗಳಿದಿರಿ. ಆ ಮಾತು ಕೇಳಿಸಿಕೊಂಡು, ಕೊಟ್ಟ ಕಾಫಿ ಕುಡಿದು ಎದ್ದು ಬಂದೆ.

ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ. ಅದನ್ನೂ ನಿಮ್ಮಿಂದ ಕಸಿದುಕೊಳ್ಳಲಾರೆ. ಈ ಕಾಗದವನ್ನು ನೀವು ಓದಲಾರಿರಿ. ಅಂಚೆಗೆ ಹಾಕಿ ಇನ್ನೊಬ್ಬರ ಬಾಯಲ್ಲಿ ಓದಿಸಿದರೆ ಅದೂ ಹೇಡಿತನವೇ. ಭಾನುವಾರ ನಿಮ್ಮ ತಂಗಿಯೂ ಅವರ ಗಂಡನೂ ಮನೆಯಲ್ಲಿರುವಾಗ ಬರುತ್ತೇನೆ. ಅವರೆದುರೇ, ಮೊದಲ ಸಾಲಿನಿಂದ, ನಾನೇ ಓದುತ್ತೇನೆ.