ಕೀನ್ಯಾದ ಹೊಲದಲ್ಲಿ ನಮ್ಮ ರಾಗಿ

ಕೀನ್ಯಾದ ಈ ಗುಡ್ಡದ ಹಳ್ಳಿಯಲ್ಲಿ ರಾಗಿ ಬೆಳೆಯುತ್ತಾರೆಂದು ನನಗೆ ಗೊತ್ತಿರಲಿಲ್ಲ. ಇಲ್ಲಿನ ಶಾಲೆಯಲ್ಲಿ ಗಣಿತ ಕಲಿಸಲು ಸ್ವಯಂಸೇವಕಿಯಾಗಿ ಬಂದು ಎರಡು ತಿಂಗಳಾಯಿತು. ಉಳಿದುಕೊಂಡಿರುವುದು ಗ್ರೇಸ್ ಎಂಬುವವರ ಮನೆಯಲ್ಲಿ. ಮನೆಯ ಮಕ್ಕಳಂತೆ ನಾನೂ ಅವರನ್ನು ಮಾಮಾ, ಅಂದರೆ ಅವ್ವ, ಎನ್ನುತ್ತೇನೆ. ಈ ಬೆಳಿಗ್ಗೆ ಅವರ ಹಿಂದೆ ಹೊಲಕ್ಕೆ ಹೋದರೆ, ನಮ್ಮ ಕನಕಪುರದ ಕಡೆಯದೇ ರಾಗಿ! ಆದರೆ ಕುಡುಗೋಲಿಲ್ಲ. ಪುಟ್ಟ ಚಾಕುವಿನಿಂದ ತೆನೆಯನ್ನಷ್ಟೇ ಕೊಯ್ದು ಬುಟ್ಟಿಗೆ ಹಾಕುತ್ತಾರೆ. ಹುಲ್ಲು ನಿಂತೇ ಇರುತ್ತದೆ.

ಊರಿಗೆ ವಿಡಿಯೋ ಕರೆ ಮಾಡಿದೆ. ಗೊತ್ತಿಲ್ಲದ ದೇಶಕ್ಕೆ ಹೋಗಬೇಡ ಎಂದಿದ್ದ ಅವ್ವ, ನಾನು ಹೊರಟ ದಿನದಿಂದ ಮಾತು ಬಿಟ್ಟಿದ್ದಳು. ಕರೆ ಮಾಡಿದಾಗಲೆಲ್ಲ “ಅವ್ವ ರೇಷ್ಮೆ ಹುಳದ ಮನೇಲವ್ಳೆ” ಎಂದು ತಂಗಿ ತೇಲಿಸುತ್ತಿದ್ದಳು. ಇವತ್ತು ತಂಗಿ ರಾಗಿ ಕಂಡು ಕೂಗಿದ್ದೇ ತಡ, ಫೋನು ಅವ್ವನ ಕೈಗೆ ಬಂತು.

“ಅಯ್ಯೋ, ಹುಲ್ಲು ಹಂಗೇ ಬುಟ್ಬುಟ್ಟವ್ರಲ್ಲೇ! ದನಕ್ಕೇನ್ ಹಾಕ್ತಾರೆ?”

ಮಾಮಾ ನಗುತ್ತಾ ಒಂದು ತೆನೆಯನ್ನು ಫೋನಿನ ಹತ್ತಿರ ಹಿಡಿದರು. ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು.

“ಕಾಳು ಚೆನ್ನಾಗೈತೆ. ಇಲ್ಲಿನ್ನೂ ಬಿತ್ತನೆ ಕಣೆ.” ತೆನೆಯಿಂದ ಕಣ್ಣು ತೆಗೆಯದೆ ಕೇಳಿದಳು. “ಕುಯ್ಲಿಗಾದ್ರೂ ಬತ್ತೀಯಾ?”

“ಬತ್ತೀನಿ ಕಣವ್ವ.”

ಕಣ್ಣೊರೆಸಿಕೊಳ್ಳುವುದು ಅವಳಿಗೆ ಕಾಣದಿರಲಿ ಎಂದು ಫೋನನ್ನು ಹೊಲದ ಕಡೆ ತಿರುಗಿಸಿ, ಇಳಿಜಾರಿನುದ್ದಕ್ಕೂ ತೋರಿಸುತ್ತಾ ನಡೆದೆ.

“ರಾಗಿ ಸಾಕು ಕಣೆ,” ಎಂದಳು ಅವ್ವ. “ಒಸಿ ನಿನ್ ಮಕ ತೋರ್ಸು.”