ಗಂಡನ ಹೆಸರಿನ ಕಾಲಂ

ಬೆಳಿಗ್ಗೆ ಆಫೀಸಿನಲ್ಲಿ ಹಳೆಯ ಸರ್ವರ್ ಒಂದರ ಮುಚ್ಚಳ ತೆಗೆದೆ. ಕಾದ ಧೂಳಿನ ವಾಸನೆ ಮುಖಕ್ಕೆ ಬಡಿಯಿತು. ಕಾಕ್ಸ್ ಟೌನಿನ ಆ ಸಣ್ಣ ಧರ್ಮಾಸ್ಪತ್ರೆ, ಅದರ ಹಿಂದಿನ ಕೋಣೆ, ಅಲ್ಲಿ ಕುಳಿತಿರುತ್ತಿದ್ದ ಅಕ್ಕ... ಎಷ್ಟು ವರ್ಷವಾಯಿತೋ.

ಒಡಹುಟ್ಟಿದ ಅಕ್ಕನಲ್ಲ. ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವರು. ನಾನು ಅವರ ಕೈಕೆಳಗೆ ಕೆಲಸ ಕಲಿತವನು. ದಿನಾ ಕೆ.ಆರ್. ಪುರದಿಂದ ಎರಡು ಬಸ್ಸು ಹಿಡಿದು ಬರುತ್ತಿದ್ದರು. ಮನೆಯಲ್ಲಿ ಯಾರಿದ್ದಾರೆಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ರೋಗಿಗಳ ಹೆಸರು ನೋಂದಾಯಿಸುವ ಸಾಫ್ಟ್‌ವೇರನ್ನು ಪುಕ್ಕಟೆ ಇಳಿಸಿಕೊಂಡು ನಮ್ಮದೇ ಸರ್ವರಿನಲ್ಲಿ ಹಾಕಿದ್ದೆವು. ಅದು ಬಂದ ಹಾಗೇ ಬಳಸಿದರೆ ಬಸುರಿಯರಿಗೆ ಗಂಡನ ಹೆಸರು ಕಡ್ಡಾಯ. ಆ ಕಾಲಂ ಖಾಲಿ ಬಿಟ್ಟರೆ ಚೀಟಿಯೇ ಬರದು. ಅಕ್ಕ ಮೊದಲ ದಿನವೇ ಸೆಟ್ಟಿಂಗ್ ಫೈಲಿನಲ್ಲಿ ಆ ಕಡ್ಡಾಯವನ್ನು ತೆಗೆದಿದ್ದರು. ಗಂಡ ಬಿಟ್ಟವರು, ಮದುವೆಯಾಗದವರು ಕೂಡ ಇಲ್ಲಿಗೆ ಬರುತ್ತಾರೆಂದು ನನಗೂ ಹೇಳಿದ್ದರು.

ಹೊಸ ಆವೃತ್ತಿ ಬಂದಾಗ ಅದನ್ನು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ನಡುವೆ ಪರದೆಯ ಮೇಲೆ ಒಂದು ಪ್ರಶ್ನೆ: ಹಳೆಯ ಸೆಟ್ಟಿಂಗ್ ಉಳಿಸಬೇಕೋ, ಹೊಸದನ್ನು ಹಾಕಬೇಕೋ? ಹಸಿದಿದ್ದೆ. ಹೊಸದು ಎಂದು ಒತ್ತಿ ಊಟಕ್ಕೆ ಎದ್ದುಹೋದೆ.

ವಾಪಸು ಬರುವಾಗ ಗೇಟಿನಲ್ಲಿ ಒಬ್ಬ ತುಂಬು ಬಸುರಿ ಎದುರಾದಳು. ಸೆರಗು ಬಾಯಿಗೊತ್ತಿಕೊಂಡು ಹೊರಟಿದ್ದಳು. ನೋವಿರಬೇಕು ಎಂದುಕೊಂಡು ದಾರಿ ಬಿಟ್ಟೆ.

ಒಳಗೆ ಬಂದ ಮೇಲೆ ತಿಳಿಯಿತು. ಕೌಂಟರಿನವರು ಗಂಡನ ಹೆಸರು ಕೇಳಿದ್ದರು. ಅವಳು ತನ್ನ ಹೆಸರನ್ನಷ್ಟೇ ಮತ್ತೆ ಹೇಳಿದಳು. ಕಂಪ್ಯೂಟರ್ ಮುಂದಕ್ಕೆ ಹೋಗದ್ದರಿಂದ ಅವರು ಮತ್ತೆ ಕೇಳಿದರು, ದನಿಯೆತ್ತಿ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರಂತೆ.

ಅಕ್ಕ ಚಪ್ಪಲಿಯನ್ನೂ ಹಾಕದೆ ರಸ್ತೆಗೆ ಓಡಿದರು. ಬೇಕರಿಯ ತಿರುವಿನವರೆಗೂ ಹೋಗಿ ಒಬ್ಬರೇ ಮರಳಿದರು. ಕೂತು ಸೆಟ್ಟಿಂಗ್ ಸರಿಮಾಡಿದರು. ಮುಂದಿನ ಮೂರು ದಿನ ತಾವೇ ಕೌಂಟರಿನಲ್ಲಿ ಕುಳಿತರು, ಅವಳು ಮತ್ತೆ ಬಂದಾಳೆಂದು. ಬರಲಿಲ್ಲ.

ಮೂರನೆಯ ದಿನ ಸಂಜೆ ಅವರ ಮುಂದೆ ಹೋಗಿ ನಿಂತೆ. ತಪ್ಪಾಯಿತು, ಅದು ಹಾಗೇ ಬಂದಿತ್ತು, ನೋಡಲಿಲ್ಲ ಎಂದೆ.

“ಅದನ್ನ ಬರ್ದೋರು ಎಲ್ಲೋ ಇರ್ತಾರೆ ಕಣೋ. ನಮ್ಮ ಬಾಗ್ಲಿಗೆ ಯಾರ್ ಬರ್ತಾರೆ ಅಂತ ಅವ್ರಿಗೇನ್ ಗೊತ್ತು?” ಎಂದು ನನ್ನ ಕಡೆ ತಿರುಗಿ ಕೇಳಿದರು, “ನಿಂಗೆ ಗೊತ್ತಿತ್ತಲ್ವಾ?”

ಬೈದಿದ್ದರೆ ಇಷ್ಟು ದಿನ ಮನಸ್ಸಿನಲ್ಲಿ ಉಳಿಯುತ್ತಿರಲಿಲ್ಲವೇನೋ...

ಆಸ್ಪತ್ರೆ ಇದ್ದ ಜಾಗದಲ್ಲಿ ಈಗ ಫ್ಲ್ಯಾಟುಗಳು ಎದ್ದಿವೆ. ಅಕ್ಕ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಎರಡು ತಿಂಗಳು ತಡವಾಗಿ. ನಾನು ಇಂದಿರಾನಗರಕ್ಕೆ ಬಂದು ಇನ್ನೂ ಅದೇ ಕೆಲಸ ಮಾಡುತ್ತಿದ್ದೇನೆ. ಇವತ್ತೂ ಸೆಟ್ಟಿಂಗ್ ಫೈಲು ತೆರೆದು ಒಂದೊಂದೇ ಸಾಲು ಓದುತ್ತ ಕುಳಿತಾಗ ಪಕ್ಕದವನು, “ಬಂದಂಗೇ ಬಿಡು ಗುರು, ಯಾರ್ ನೋಡ್ತಾರೆ?” ಎಂದ. ನಾನು ಮುಂದಿನ ಸಾಲಿಗೆ ಹೋದೆ.

ಆ ಹೆಂಗಸಿಗೆ ಹೆರಿಗೆ ಎಲ್ಲಾಯಿತೋ, ಹೇಗಾಯಿತೋ. ಅವಳನ್ನು ನೆನೆಯುತ್ತಿದ್ದವರು ನಾವಿಬ್ಬರೇ. ಈಗ ನಾನೊಬ್ಬನೇ.