ಸ್ಪೇನಿನವನ ಮಂಡಿ

ಗೊರೂರಿನ ನೀರಾವರಿ ಕ್ವಾರ್ಟರ್ಸಿನಲ್ಲಿ ನಾವು ಇಂಜಿನಿಯರುಗಳು ಟೆನ್ನಿಸ್ ಆಡುತ್ತಿದ್ದದ್ದು ಸಗಣಿ ಸಾರಿಸಿದ ಕೆಮ್ಮಣ್ಣಿನ ಕೋರ್ಟಿನಲ್ಲಿ. ನನ್ನ ಕೆಂಪಾದ ಕಾಲುಚೀಲ ಒಗೆಯುವಾಗಲೆಲ್ಲ ಹೆಂಡತಿ ಗೊಣಗುತ್ತಿದ್ದಳು. ಟಿವಿಯಲ್ಲಿ ಸ್ಪೇನಿನವನೊಬ್ಬ ಅದೇ ಬಣ್ಣದ ಮಣ್ಣಿನಲ್ಲಿ ಜಾರಿ ಜಾರಿ ಆಡಿದರೆ ಮಾತ್ರ, "ಪಾಪ, ಎಷ್ಟು ಕಷ್ಟಪಡ್ತಾನೆ ನೋಡ್ರೀ" ಅನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ವರ್ಷವೆಲ್ಲ ದೇಶ ದೇಶ ಸುತ್ತಿ ಸೋತು, ಮಣ್ಣಿನ ಕೋರ್ಟಿಗೆ ಬಂದರಷ್ಟೇ ಗೆಲ್ಲುತ್ತಿದ್ದವನು ಅವನು!

ಒಂದು ಸಂಜೆ ನಾನೂ ಅವನಂತೆ ಜಾರಲೇಬೇಕೆಂದು ಹೋದೆ. "ಈಗ್ತಾನೆ ಸಾರ್ಸಿವ್ನಿ ಸಾ, ಒಣಗ್ಲಿ," ಅಂದ, ಕೋರ್ಟು ನೋಡಿಕೊಳ್ಳುವ ನಿಂಗಣ್ಣ. ನಾನು ಕೇಳಲಿಲ್ಲ. ಚೆಂಡಿನ ಕಡೆ ಕಾಲು ಚಾಚಿದವನು ನೆಟ್ಟಿನವರೆಗೂ ಜಾರಿಕೊಂಡು ಹೋಗಿ ಬಿದ್ದೆ. ಚೆಂಡು ಹಿಂದೆಯೇ ಉಳಿಯಿತು.

ಮನೆ ಬಾಗಿಲಲ್ಲೇ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಹಿತ್ತಿಲಿಂದ ಬನ್ನಿ" ಅಂದಳು.

"ಅವನು ಜಾರಿದ್ರೆ ಪಾಪ, ನಾನು ಜಾರಿದ್ರೆ ಹಿತ್ತಿಲಾ?"

"ಅವನು ಜಾರಿದ್ರೆ ಚೆಂಡು ಸಿಗುತ್ತೆ ಕಣ್ರೀ."

ಮುಂದೊಂದು ದಿನ, ಮಂಡಿನೋವಿನಿಂದ ಅವನು ಆಟ ಬಿಟ್ಟ ಸುದ್ದಿ ಪೇಪರಿನಲ್ಲಿ ಬಂತು. ಅವಳು ಓದಿ, "ಪಾಪ, ಮಂಡಿಯಂತೆ" ಅಂತ ನಿಟ್ಟುಸಿರು ಬಿಟ್ಟಳು. ಪಕ್ಕದಲ್ಲೇ ನಾನು, ಅವತ್ತು ಪೆಟ್ಟಾದ ನನ್ನ ಮಂಡಿಗೆ ನಾನೇ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದೆ.